ಬೆಡ್‌ಶೀಟ್ ಮಡಚುವ ಫೋಟೊ ಗೋಡೆಗೇರಲು ಆರು ವರ್ಷ

ಹೋದ ವಾರ ಗ್ಯಾಲರಿಯಿಂದ 14 ಫ್ರೇಮುಗಳು ಮನೆಗೆ ವಾಪಸು ಬಂದವು. ಹೋಗಿದ್ದು 18. ಈಗ ಅವೆಲ್ಲ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿವೆ. ಓಡಾಡುವವರು ಅಡ್ಡಡ್ಡ ತಿರುಗಿ ಹೋಗಬೇಕು. ಅಮ್ಮ ದಿನಕ್ಕೆರಡು ಸಲ ಕೇಳುತ್ತಾಳೆ, “ಇದನ್ನೆಲ್ಲ ಯಾವಾಗ ತೆಗೀತೀಯಾ?”

ಮನೆಯೊಳಗಿನ ಬದುಕನ್ನೇ ಫೋಟೊ ತೆಗೆದು, ಅದನ್ನು ಕಲೆ ಅಂತ ಗೋಡೆಗೆ ಹಾಕಿ, ಅದರಲ್ಲೇ ಒಂದು ವೃತ್ತಿ ಕಟ್ಟಿಕೊಳ್ಳೋಣ ಅಂತ ಹೊರಟವಳು ನಾನು. ಮೊದಲ ಚಿತ್ರ ತೆಗೆದ ದಿನದಿಂದ ಮೊದಲ ಏಕವ್ಯಕ್ತಿ ಪ್ರದರ್ಶನದವರೆಗೆ ಆರು ವರ್ಷ ಹಿಡಿಯಿತು. ಕ್ಯಾಮೆರಾ, ಲೆನ್ಸ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಕ್ಕರು. ಆಮೇಲೇನು ಅಂತ ಹೇಳುವವರು ಸಿಗಲಿಲ್ಲ. ಯಾವ ಕಾಗದ ಯಾವಾಗ ಬೇಕು, ದುಡ್ಡು ಎಲ್ಲಿ ಸೋರುತ್ತದೆ, ಮನೆಯವರು ಯಾವತ್ತು ತಿರುಗಿ ಬೀಳುತ್ತಾರೆ, ಎಲ್ಲ ಎಡವಿ ಎಡವಿ ಕಲಿತೆ. ಇದೇ ದಾರಿ ಹಿಡಿದವರಿಗೆ ಒಂದೆರಡು ಏಟಾದರೂ ತಪ್ಪಲಿ ಅಂತ ಬರೆಯುತ್ತಿದ್ದೇನೆ.

ಆ ಮೊದಲ ಚಿತ್ರ ಬೆಡ್‌ಶೀಟಿನದು. ಅವತ್ತು ಬೆಳಗ್ಗೆಯಿಂದ ಅಪ್ಪ ಅಮ್ಮನಿಗೆ ಮಾತಿರಲಿಲ್ಲ. ಜಗಳ ಯಾವುದಕ್ಕೆ ಅಂತ ಈಗ ಇಬ್ಬರಿಗೂ ನೆನಪಿಲ್ಲ. ಒಣಗಿದ ಬಟ್ಟೆ ಒಳಗೆ ತಂದಾಗಿತ್ತು. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚೋಕೆ ಆಗಲ್ಲ ಅಲ್ವಾ? ಅಮ್ಮ ಎರಡು ತುದಿ ಹಿಡಿದು ಸುಮ್ಮನೆ ನಿಂತಳು. ಕರೆಯಲಿಲ್ಲ. ಅಪ್ಪ ಎದ್ದು ಬಂದು ಉಳಿದೆರಡು ತುದಿ ಹಿಡಿದರು. ಇಬ್ಬರೂ ಹಿಂದಕ್ಕೆ ಸರಿದು ಬಿಗಿಯಾಗಿ ಎಳೆದರು, ಒಂದು ಸಲ ಒದರಿದರು, ಆಮೇಲೆ ತುದಿಗೆ ತುದಿ ಸೇರಿಸೋಕೆ ಎದುರುಬದುರು ನಡೆದು ಬಂದರು. ಬೆರಳು ತಾಗುವಷ್ಟು ಹತ್ತಿರ. ಮುಖ ಮಾತ್ರ ನೋಡಿಕೊಳ್ಳಲಿಲ್ಲ. ಅಪ್ಪನ ಕೈಯ ತುದಿ ಅಮ್ಮನ ಕೈಗೆ ಹೋಯಿತು, ಅಪ್ಪ ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡರು. ಎಡಗಡೆಯ ಕಿಟಕಿ ಬೆಳಕು ಬಟ್ಟೆಯನ್ನು ಹಾದು ಬಂದು ಅಮ್ಮನ ಗದ್ದದ ಕೆಳಗೆ ಬಿದ್ದಿತ್ತು. ಶಟರ್ 1/15 ಸೆಕೆಂಡು. ಬೆಡ್‌ಶೀಟಿನ ಅಂಚು ಅಲುಗಿ ಮಸುಕಾಗಿದೆ, ಕೈಗಳು ಮಾತ್ರ ನಿಚ್ಚಳ. ಒಂದೇ ಒಂದು ಫ್ರೇಮ್ ಸಿಕ್ಕಿತು. ಮುಂದಿನದರಲ್ಲಿ ಅಮ್ಮ ನನ್ನ ಕಡೆ ನೋಡಿಬಿಟ್ಟಿದ್ದಾಳೆ.

ಅದಾದ ಮೇಲೆ ಟ್ರೈಪಾಡನ್ನು ಹಾಲ್‌ನಲ್ಲಿ ಬಿಟ್ಟೇಬಿಟ್ಟೆ. ಇದು ನಾನು ಗೊತ್ತಿಲ್ಲದೇ ಮಾಡಿದ ಒಳ್ಳೆಯ ಕೆಲಸ. ಮೊದಲ ಮೂರು ತಿಂಗಳು ನಾನು ಕ್ಯಾಮೆರಾ ಹತ್ತಿರ ಹೋದರೆ ಸಾಕು, ಎಲ್ಲರೂ ಕೂದಲು ಸರಿ ಮಾಡಿಕೊಳ್ಳುತ್ತಿದ್ದರು. ಅಪ್ಪ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ನಾಲ್ಕನೇ ತಿಂಗಳಿಗೆ ಟ್ರೈಪಾಡಿನ ಮೇಲೆ ಒದ್ದೆ ಟವೆಲ್ ಬಿತ್ತು. ಇನ್ನು ಕೆಲಸ ಶುರು ಮಾಡಬಹುದು ಅಂತ ಆಗ ಗೊತ್ತಾಯಿತು.

ಮನೆಯೊಳಗಿನ ಬೆಳಕಿನ ಬಗ್ಗೆ ಒಂದು ಮಾತು. ಮೊದಲ ವರ್ಷದ ಅರ್ಧ ಚಿತ್ರ ಇದರಿಂದಲೇ ಹಾಳಾಯಿತು. ಕಿಟಕಿ ಬೆಳಕು ನೀಲಿ, ಬಲ್ಬಿನ ಬೆಳಕು ಹಳದಿ. ಎರಡೂ ಇದ್ದರೆ ಮುಖದ ಒಂದು ಕೆನ್ನೆಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು. ಆಮೇಲೆ ಕಂಪ್ಯೂಟರ್‌ನಲ್ಲಿ ಎಷ್ಟು ಒದ್ದಾಡಿದರೂ ಚರ್ಮದ ಬಣ್ಣ ಪೂರ್ತಿ ಸರಿಹೋಗಲ್ಲ. ಹಗಲು ಬಲ್ಬ್ ಆರಿಸಿ, ಕಿಟಕಿಗೆ ತೆಳುವಾದ ಬಿಳಿ ಪರದೆ ಬಿಡಿ, ಅಷ್ಟೇ ಸಾಕು. ಇನ್ನೊಂದು, ಸದ್ದಾಗಬಾರದು ಅಂತ ಸೈಲೆಂಟ್ ಶಟರ್ ಹಾಕುತ್ತೀವಲ್ಲ, ಎಲ್‌ಇಡಿ ಬೆಳಕಿನಲ್ಲಿ ಅದು ಚಿತ್ರದ ಮೇಲೆ ಅಡ್ಡ ಪಟ್ಟಿ ಎಳೆಯುತ್ತದೆ. ರಾತ್ರಿ ಚಿತ್ರಗಳಿಗೆ ಮಾಮೂಲಿ ಮೆಕ್ಯಾನಿಕಲ್ ಶಟರ್ರೇ ಇರಲಿ. ಕರೆಂಟು 50 ಹರ್ಟ್ಸ್ ಇರುವ ಕಡೆ 1/50 ಅಥವಾ 1/100, 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120 ಇಟ್ಟರೆ ಪಟ್ಟಿಯ ಕಾಟ ಬಹುತೇಕ ತಪ್ಪುತ್ತದೆ. ಲೆನ್ಸ್ ವಿಷಯಕ್ಕೆ ಬಂದರೆ, ಜಾಗ ಚಿಕ್ಕದು ಅಂತ ನಾನು 24 ಎಂಎಂ ತಗೊಂಡೆ. ಅಂಚಿನಲ್ಲಿ ನಿಂತವರ ತಲೆ ಎಳೆದ ಹಾಗೆ ಬರುತ್ತಿತ್ತು. ಮಾರಿ 35ಕ್ಕೆ ಬಂದೆ. ಬೆನ್ನು ಗೋಡೆಗೆ ಒತ್ತಿ ನಿಂತು ತೆಗೆಯೋದು ಅಭ್ಯಾಸ ಆಯಿತು.

ಎರಡು ವರ್ಷಕ್ಕೆ ಸುಮಾರು 11,000 ಫ್ರೇಮ್ ಸೇರಿದವು. ಅದರಲ್ಲಿ ಒಂದು ಸರಣಿ ಎಲ್ಲಿದೆ ಅಂತ ಹುಡುಕೋಕೆ ಇನ್ನೊಂದು ವರ್ಷ. ಪರದೆ ಮೇಲೆ ನೋಡಿ ಆರಿಸೋಕೆ ಹೋಗಬೇಡಿ. ಅಂಗೈಯಗಲದ ಸಾದಾ ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸಿ, ಒಂದು ತಿಂಗಳು ಸುಮ್ನೆ ಓಡಾಡಿ. ಮೊದಲ ವಾರ ಇಷ್ಟವಾದ ಚಿತ್ರಗಳು ಮೂರನೇ ವಾರಕ್ಕೆ ಸಪ್ಪೆಯಾಗುತ್ತವೆ. ನನಗಂತೂ ಹಾಗಾಯಿತು. ಮಗಳು ನಗುತ್ತಿರುವ ಚಿತ್ರಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಆಲ್ಬಮ್ಮಿಗೆ ಚೆನ್ನ, ಗೋಡೆಯ ಮೇಲೆ ನಿಲ್ಲಲಿಲ್ಲ.

ಮೂರನೇ ವರ್ಷ ಪೋರ್ಟ್‌ಫೋಲಿಯೊ ರಿವ್ಯೂಗೆ ಹೋದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಫೋಟೊಗ್ರಫಿ ಉತ್ಸವಗಳಲ್ಲಿ ಕ್ಯೂರೇಟರುಗಳು (ಪ್ರದರ್ಶನಕ್ಕೆ ಚಿತ್ರ ಆರಿಸಿ ಜೋಡಿಸುವವರು), ಗ್ಯಾಲರಿಯವರು, ಪ್ರಕಾಶಕರು ಮೇಜು ಹಾಕಿಕೊಂಡು ಕೂತಿರುತ್ತಾರೆ. ಶುಲ್ಕ ಕಟ್ಟಿದರೆ ಒಬ್ಬೊಬ್ಬರ ಮುಂದೆ ಸುಮಾರು 20 ನಿಮಿಷ ಸಿಗುತ್ತದೆ. ಫ್ರಾನ್ಸಿನ ಆರ್ಲ್‌ನಲ್ಲಿ 1970ರಿಂದ ನಡೆಯುತ್ತಿರುವ ಉತ್ಸವದಲ್ಲಿ, ಅಮೆರಿಕದ ಹ್ಯೂಸ್ಟನ್ನಿನ ಫೋಟೊಫೆಸ್ಟ್‌ನಲ್ಲಿ ಈ ಮೇಜುಗಳು ತುಂಬ ಹೆಸರುವಾಸಿ. ಆಮೇಲೆ ಎಷ್ಟೋ ಕಡೆ ಇದೇ ಪದ್ಧತಿ ಬಂತು. ನಾನು ಹೋಗಿದ್ದು ಇವೆರಡೂ ಅಲ್ಲ, ಒಂದು ಸಣ್ಣ ಉತ್ಸವ. ಐದು ಮೇಜಿಗೆ ದುಡ್ಡು ಕಟ್ಟಿದ್ದೆ.

ಮೊದಲ ಮೇಜಿನವರು ನನ್ನ 40 ಚಿತ್ರಗಳನ್ನು ನಾಲ್ಕು ನಿಮಿಷದಲ್ಲಿ ತಿರುವಿ ಹಾಕಿದರು. ಆಮೇಲೆ ಕೇಳಿದರು, “ಇದರಲ್ಲಿ ನೀವೆಲ್ಲಿದ್ದೀರಾ?” ನಾನು ಕ್ಯಾಮೆರಾ ಹಿಂದೆ ಅಂದೆ. “ಅದು ಗೊತ್ತು,” ಅಂದರು. ಉಳಿದ 16 ನಿಮಿಷ ಇಬ್ಬರೂ ಮುಜುಗರದಲ್ಲಿ ಕೂತಿದ್ದೆವು. ಎರಡನೇ ಮೇಜಿನವರು, ಇದನ್ನೆಲ್ಲ ಬೇಕಾದ ಹಾಗೆ ಜೋಡಿಸಿ ತೆಗೆಯಿರಿ, ಗ್ರೆಗರಿ ಕ್ರೂಡ್‌ಸನ್ ನೋಡಿ ಅಂದರು. ಕ್ರೂಡ್‌ಸನ್ ಒಂದು ಚಿತ್ರಕ್ಕೆ ಸಿನಿಮಾ ತಂಡದಷ್ಟು ಜನರನ್ನು, ಅಷ್ಟೇ ಲೈಟುಗಳನ್ನು ಇಟ್ಟುಕೊಂಡು ಕೆಲಸ ಮಾಡುವವರು. ನನ್ನ ಹತ್ತಿರ ಇದ್ದದ್ದು ಒಂದು ಟ್ರೈಪಾಡು, ಅದರ ಮೇಲೊಂದು ಟವೆಲ್. ಮೂರನೆಯವರು ಏನನ್ನೂ ಜೋಡಿಸಬೇಡಿ, ಈಗಿರೋದೇ ಜಾಸ್ತಿ ನೀಟಾಗಿದೆ ಅಂದರು.

ಅವತ್ತು ರಾತ್ರಿ ಅತ್ತೆ. ಆದರೆ ಮೊದಲನೆಯವರ ಪ್ರಶ್ನೆ ತಲೆಯಲ್ಲಿ ಕೂತಿತು. ಮನೆಗೆ ಬಂದು ಅಮೆರಿಕದ ಫೋಟೊಗ್ರಾಫರ್ ಕ್ಯಾರಿ ಮೇ ವೀಮ್ಸ್ 1990ರಲ್ಲಿ ಮುಗಿಸಿದ ಸರಣಿಯನ್ನು ಮತ್ತೆ ನೋಡಿದೆ. ಅಡುಗೆಮನೆಯ ಒಂದೇ ಮೇಜು, ಮೇಲಿಂದ ಇಳಿಬಿಟ್ಟ ಒಂದೇ ದೀಪ, 20 ಚಿತ್ರ. ಮೇಜಿನ ತುದಿಯಲ್ಲಿ ಕೂತ ಹೆಂಗಸು ಸ್ವತಃ ವೀಮ್ಸ್. ಮುಂದಿನ ವರ್ಷ ನಾನೂ ಫ್ರೇಮಿನೊಳಗೆ ಬಂದೆ. ಪೂರ್ತಿಯಾಗಿ ಅಲ್ಲ. ಒಂದು ಮೊಣಕೈ, ಕನ್ನಡಿಯಲ್ಲಿ ಅರ್ಧ ಭುಜ, ಅಮ್ಮನ ಕೂದಲು ಬಿಡಿಸುವ ಎರಡು ಕೈ. ಸರಣಿಗೆ ಜೀವ ಬಂದಿದ್ದು ಆಗ.

ರಿವ್ಯೂಗೆ ಹೋಗುವವರು 20ಕ್ಕಿಂತ ಜಾಸ್ತಿ ಚಿತ್ರ ಒಯ್ಯಬೇಡಿ. ಟ್ಯಾಬ್ಲೆಟ್ ಬೇಡ, ಪ್ರಿಂಟ್ ಒಯ್ಯಿರಿ. ಅವರು ಹೇಳಿದ್ದನ್ನು ಮೇಜಿನಿಂದ ಎದ್ದ ತಕ್ಷಣ ಬರೆದಿಟ್ಟುಕೊಳ್ಳಿ. ಮನೆ ತಲುಪುವಷ್ಟರಲ್ಲಿ ಬೈದದ್ದು ಮಾತ್ರ ನೆನಪಿರುತ್ತದೆ.

ಆಮೇಲೆ ಅರ್ಜಿಗಳ ಕಾಲ. ಓಪನ್ ಕಾಲ್ ಅಂತಾರಲ್ಲ, ಗುಂಪು ಪ್ರದರ್ಶನ, ಬಹುಮಾನ, ಫೆಲೋಶಿಪ್‌ಗಳಿಗೆ ಚಿತ್ರ ಕರೆಯೋದು, ಅವು. ಒಂದೂವರೆ ವರ್ಷದಲ್ಲಿ 31 ಅರ್ಜಿ ಹಾಕಿದೆ. 27 ಕಡೆಯಿಂದ ಇಲ್ಲ ಅಂತ ಬಂತು. ಎರಡು ಕಡೆಯಿಂದ ಉತ್ತರವೇ ಇಲ್ಲ. ಎರಡು ಆಯಿತು. ಸಾಮಾನ್ಯವಾಗಿ ಕೇಳುವುದು 10ರಿಂದ 20 ಚಿತ್ರ, ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣದ ಮಾನಕ) ಬಣ್ಣದಲ್ಲಿ ಜೆಪೆಗ್ ಫೈಲು, ಇಷ್ಟೇ ಪಿಕ್ಸೆಲ್, ಇದೇ ರೀತಿ ಫೈಲಿನ ಹೆಸರು, ಒಂದು ಬಯೋಡೇಟಾ, 200 ಪದದ ಆಸುಪಾಸಿನಲ್ಲಿ ಒಂದು ಕಲಾವಿದರ ಹೇಳಿಕೆ, ಅಂದರೆ ಈ ಚಿತ್ರಗಳು ಯಾವುದರ ಬಗ್ಗೆ ಅಂತ ನಮ್ಮದೇ ಮಾತು. ಪ್ರತಿಯೊಂದು ಕಡೆಯೂ ಅಳತೆ ಬೇರೆ. ಒಂದು ಅರ್ಜಿಯಲ್ಲಿ ಫೈಲಿನ ಹೆಸರು ತಪ್ಪಾಗಿ ನನ್ನ ಚಿತ್ರಗಳು ತಲೆಕೆಳಗಾದ ಕ್ರಮದಲ್ಲಿ ತೆರೆದುಕೊಂಡವಂತೆ. ಶುಲ್ಕದ ಬಗ್ಗೆಯೂ ಎಚ್ಚರ. ಅರ್ಜಿಗೆ ಸಣ್ಣ ಮೊತ್ತ ಕೇಳೋದು ಮಾಮೂಲು. ಆಯ್ಕೆಯಾದ ಮೇಲೆ ಗೋಡೆಗೆ ಬಾಡಿಗೆ ಕೇಳಿದರೆ ಅದು ಆಯ್ಕೆಯಲ್ಲ, ವ್ಯಾಪಾರ. ನಾನು ಒಂದು ಸಲ ಅಂಥದ್ದಕ್ಕೆ ದುಡ್ಡು ಕಟ್ಟಿ ಕೈ ಸುಟ್ಟುಕೊಂಡಿದ್ದೇನೆ.

ಹೇಳಿಕೆ ಬರೆಯೋದು ನನಗೆ ಚಿತ್ರ ತೆಗೆಯೋದಕ್ಕಿಂತ ಕಷ್ಟವಾಯಿತು. ಮೊದಲ ಸಲ ಬರೆದದ್ದರಲ್ಲಿ ನೆನಪು, ಕಾಲ, ಅವಕಾಶ, ಅಸ್ಮಿತೆ ಎಲ್ಲ ಇತ್ತು. ಮಗಳಿಗೆ ಆಗ 12. ಓದಿ ಕೇಳಿದಳು, “ಅಮ್ಮಾ, ಇದು ನಮ್ಮನೆ ಬಗ್ಗೆನಾ?” ಹರಿದು ಹಾಕಿ, ಬೆಡ್‌ಶೀಟ್ ಮಡಚಿದ ಬೆಳಗ್ಗೆಯಿಂದ ಶುರು ಮಾಡಿ ಎಂಟು ಸಾಲು ಬರೆದೆ. ಆಯ್ಕೆಯಾದ ಎರಡೂ ಅರ್ಜಿಗಳಲ್ಲಿ ಇದ್ದದ್ದು ಆ ಎಂಟು ಸಾಲೇ.

ಮೊದಲ ಗುಂಪು ಪ್ರದರ್ಶನದಲ್ಲಿ ನನ್ನ ಎರಡು ಪ್ರಿಂಟ್ ಮಾರಾಟವಾದವು. ಸಂಭ್ರಮವೋ ಸಂಭ್ರಮ. ಆ ದುಡ್ಡು ಕೈಗೆ ಬರಲು ಒಂಬತ್ತು ತಿಂಗಳು ಹಿಡಿಯಿತು. ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ. ತಪ್ಪು ನನ್ನದೂ ಇತ್ತು. ಬಾಯಿಮಾತಿನ ಮೇಲೆ ಚಿತ್ರ ಕೊಟ್ಟುಬಂದಿದ್ದೆ. ಚಿತ್ರ ಗ್ಯಾಲರಿಗೆ ಕೊಡೋದು ಅಂದರೆ ಮಾರಿದ ಹಾಗಲ್ಲ, ಮಾರಿಕೊಡಿ ಅಂತ ಒಪ್ಪಿಸಿದ ಹಾಗೆ. ಅದಕ್ಕೊಂದು ಕರಾರು ಪತ್ರ ಬೇಕೇ ಬೇಕು. ಗ್ಯಾಲರಿಯ ಪಾಲು ಸಾಮಾನ್ಯವಾಗಿ ಅರ್ಧಕ್ಕರ್ಧ, ಅದಕ್ಕೆ ಗಾಬರಿಯಾಗಬೇಡಿ. ಕೇಳಬೇಕಾದ್ದು ಬೇರೆ. ಮಾರಾಟವಾಗಿ ಎಷ್ಟು ದಿನದಲ್ಲಿ ದುಡ್ಡು? ರಿಯಾಯಿತಿ ಕೊಟ್ಟರೆ ಅದು ಯಾರ ಪಾಲಿನಿಂದ ಹೋಗುತ್ತೆ? ಫ್ರೇಮಿನ ಖರ್ಚನ್ನು ಹಂಚುವ ಮುಂಚೆ ಕಳೆಯುತ್ತಾರಾ, ಆಮೇಲಾ? ಸಾಗಿಸುವಾಗ, ಗೋಡೆಯ ಮೇಲಿರುವಾಗ ವಿಮೆ ಯಾರದ್ದು? ಉಳಿದವು ಯಾವಾಗ, ಯಾರ ಖರ್ಚಿನಲ್ಲಿ ವಾಪಸು? ಎರಡನೇ ಗ್ಯಾಲರಿಯಲ್ಲಿ ಇಷ್ಟನ್ನೂ ಬರೆಸಿಕೊಂಡೆ. 30 ದಿನಕ್ಕೆ ದುಡ್ಡು ಬಂತು.

ಏಕವ್ಯಕ್ತಿ ಪ್ರದರ್ಶನಕ್ಕೆ ಕರೆದದ್ದೂ ಈ ಎರಡನೇ ಗ್ಯಾಲರಿಯೇ, ಐದನೇ ವರ್ಷದಲ್ಲಿ. ಒಪ್ಪಿದ ಮರುದಿನ ಅವರಿಂದ ಒಂದು ಮೇಲ್. ಚಿತ್ರದಲ್ಲಿರುವ ಎಲ್ಲರ ಲಿಖಿತ ಒಪ್ಪಿಗೆ ಕಳಿಸಿ ಅಂತ. ನಾನು ನಕ್ಕೆ. ಎಲ್ಲರೂ ಮನೆಯವರೇ, ಇದೇನು ದೊಡ್ಡ ವಿಷಯ? ಇಡೀ ಆರು ವರ್ಷದಲ್ಲಿ ಅತಿ ಹೆಚ್ಚು ಬೆವರಿಳಿಸಿದ್ದು ಈ ಕಾಗದವೇ.

ಅಮ್ಮನಿಗೆ ಹಾಳೆ ಕೊಟ್ಟರೆ ಕನ್ನಡಕ ಹಾಕಿಕೊಂಡು ಮೂರು ಸಲ ಓದಿದಳು.

“ನನ್ನ ಮಗಳಿಗೆ ನಾನು ರುಜು ಹಾಕಿ ಕೊಡಬೇಕಾ?”

“ನಂಗಲ್ಲಮ್ಮ, ಗ್ಯಾಲರಿಗೆ.”

“ಹಾಗಾದ್ರೆ ಅವರು ಬಂದು ಕೇಳಲಿ.”

ಹಾಕಿದಳು, ಒಂದು ವಾರ ಬಿಟ್ಟು. ಅಪ್ಪ ಹಾಕಲಿಲ್ಲ. ಅವರಿಗೆ ಕಾಗದದ ತಕರಾರಿರಲಿಲ್ಲ, ಚಿತ್ರದ ತಕರಾರು. ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿರುವ ಒಂದು ಚಿತ್ರವಿತ್ತು. “ನಾನು ಇಷ್ಟೊಂದು ಸಪ್ಪಗೆ ಯಾವತ್ತು ಕೂತಿದ್ದೆ?” ಅಂದರು. ಕೂತಿದ್ದಿರಿ ಅಪ್ಪ, ತೆಗೆದಿದ್ದು ನಾನೇ ಅಲ್ವಾ ಅಂದೆ. “ಒಂದು ಕ್ಷಣ ಕೂತಿರಬಹುದು. ನೀನು ಅದನ್ನ ಗೋಡೆಗೆ ಹಾಕಿದ್ರೆ ಇಡೀ ದಿನ ಕೂತ ಹಾಗಾಗುತ್ತೆ.”

ಅಮೆರಿಕದ ಲ್ಯಾರಿ ಸಲ್ಟನ್ ತನ್ನ ಅಪ್ಪ ಅಮ್ಮನನ್ನು ಸುಮಾರು ಹತ್ತು ವರ್ಷ ಫೋಟೊ ತೆಗೆದರು, 1992ರಲ್ಲಿ ಅದು ಪುಸ್ತಕವಾಯಿತು. ಮಂಚದ ತುದಿಯಲ್ಲಿ ಸೂಟ್ ಹಾಕಿಕೊಂಡು ಕೂತಿರುವ ತಂದೆಯ ಚಿತ್ರ ಅದರಲ್ಲಿದೆ. ಅಲ್ಲಿ ಕೂತಿರೋದು ನಾನಲ್ಲ, ನೀನು ಅಂತ ತಂದೆ ಮಗನಿಗೆ ಹೇಳಿದ್ದರಂತೆ. ಇದನ್ನು ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, “ಆ ಮನುಷ್ಯ ಸರಿಯಾಗಿ ಹೇಳಿದ್ದಾನೆ,” ಅಂದರು. ಎರಡು ತಿಂಗಳ ನಂತರ ಕುರ್ಚಿಯ ಚಿತ್ರ ಬಿಟ್ಟು ಉಳಿದ ಆರಕ್ಕೆ ರುಜು ಹಾಕಿದರು. ಕುರ್ಚಿಯದು ಹೊರಗೆ ಹೋಯಿತು. ಒಳ್ಳೆಯ ಚಿತ್ರವಾಗಿತ್ತು, ಈಗಲೂ ಹೊಟ್ಟೆ ಉರಿಯುತ್ತೆ.

ಮಗಳದ್ದು ಇನ್ನೊಂದು ತರದ ಪೇಚು. ಅವಳು ಅಪ್ರಾಪ್ತಳು, ಪೋಷಕರು ಸಹಿ ಹಾಕಬೇಕು. ಪೋಷಕಿ ನಾನೇ. ಫೋಟೊ ತೆಗೆದವಳೂ ನಾನೇ. ನನಗೆ ನಾನೇ ಅನುಮತಿ ಕೊಟ್ಟುಕೊಳ್ಳುವ ಕಾಗದ! ಕಾನೂನಿಗೆ ಅದು ಸಾಕಿತ್ತು. ನನಗೆ ಸಮಾಧಾನವಾಗಲಿಲ್ಲ. ಅಮೆರಿಕದ ಫೋಟೊಗ್ರಾಫರ್ ಸ್ಯಾಲಿ ಮ್ಯಾನ್ ತನ್ನ ಮೂರು ಮಕ್ಕಳ ಚಿತ್ರಗಳನ್ನು 1992ರಲ್ಲಿ ಪುಸ್ತಕ ಮಾಡಿದಾಗ ಎದ್ದ ಗಲಾಟೆ ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ. ಯಾವ ಚಿತ್ರ ಬೇಡ ಅಂತ ಹೇಳುವ ಅಧಿಕಾರವನ್ನು ಮ್ಯಾನ್ ಮಕ್ಕಳಿಗೆ ಕೊಟ್ಟಿದ್ದರು. ಅದನ್ನೇ ನಾನೂ ಮಾಡಿದೆ. ಗಂಡ ನನ್ನ ಬದಲು ಪೋಷಕನಾಗಿ ಸಹಿ ಹಾಕಿದರು. ಮಗಳ ಜೊತೆ ಬೇರೆ ಒಂದು ಹಾಳೆ ಬರೆದುಕೊಂಡೆವು. ಪ್ರದರ್ಶನ ತೆರೆಯುವ ಹಿಂದಿನ ದಿನದವರೆಗೂ ಅವಳು ತನ್ನ ಯಾವ ಚಿತ್ರವನ್ನಾದರೂ ವಾಪಸು ತಗೊಳ್ಳಬಹುದು, ಕಾರಣ ಹೇಳಬೇಕಾಗಿಲ್ಲ. ಬರೆಯುವಾಗ ಎಷ್ಟು ದೊಡ್ಡ ಮನಸ್ಸು ನನ್ನದು ಅನಿಸಿತ್ತು.

ಒಪ್ಪಿಗೆ ಪಡೆಯುವಾಗ ಮನುಷ್ಯರನ್ನಷ್ಟೇ ನೋಡಬೇಡಿ, ಹಿನ್ನೆಲೆಯನ್ನೂ ನೋಡಿ. ಪರದೆಯ ಮೇಲೆ ಪೂರ್ತಿ ಗಾತ್ರಕ್ಕೆ (100%) ಹಿಗ್ಗಿಸಿ ಮೂಲೆ ಮೂಲೆ ತಡಕಿ. ನನ್ನ ಒಂದು ಚಿತ್ರದಲ್ಲಿ ಮೇಜಿನ ಮೇಲೆ ಅಮ್ಮನ ರಕ್ತ ಪರೀಕ್ಷೆಯ ವರದಿ ಬಿದ್ದಿತ್ತು. ಫೋನಿನಲ್ಲಿ ಕಾಣದು, ಒಂದು ಮೀಟರ್ ಅಗಲದ ಪ್ರಿಂಟಿನಲ್ಲಿ ಹೆಸರು ಸಮೇತ ಓದಬಹುದಿತ್ತು. ಇನ್ನೊಂದರಲ್ಲಿ ಕನ್ನಡಿಯೊಳಗೆ ಪಕ್ಕದ ಮನೆಯವರ ಮುಖ. ಗೋಡೆಗೆ ಹಾಕಿದ ಪೋಸ್ಟರು, ಟಿವಿಯಲ್ಲಿ ಓಡುತ್ತಿರುವ ದೃಶ್ಯ, ಇವಕ್ಕೂ ಬೇರೆಯವರ ಹಕ್ಕು ಇರುತ್ತದೆ.

ಇನ್ನು ಪ್ರಿಂಟು. ಮೊದಲ ಟೆಸ್ಟ್ ಪ್ರಿಂಟ್ ಬಂದಾಗ ಎದೆ ಧಸಕ್ಕೆಂದಿತು. ಎಲ್ಲ ಕತ್ತಲೆ. ನೆರಳಲ್ಲಿದ್ದ ಅಪ್ಪ ಮಾಯ. ದೋಷ ಪ್ರಿಂಟರಿನದಲ್ಲ, ನನ್ನ ಮಾನಿಟರಿನದು. ಅದರ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟುಕೊಂಡು ಐದು ವರ್ಷ ಎಡಿಟ್ ಮಾಡಿದ್ದೆ. ಪ್ರಿಂಟಿಗೆ ಕೆಲಸ ಮಾಡುವಾಗ ಪರದೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಇದ್ದರೆ ಸರಿ. ಪರದೆಯ ಬೆಳಕು, ಬಣ್ಣ ಅಳೆದು ಸರಿಮಾಡುವ ಒಂದು ಕ್ಯಾಲಿಬ್ರೇಟರ್ ಎರಡು ದಿನಕ್ಕೆ ಬಾಡಿಗೆಗೆ ತಂದು ಎಲ್ಲ ಚಿತ್ರಗಳನ್ನೂ ಮೊದಲಿಂದ ತಿದ್ದಿದೆ. ಜೊತೆಗೆ, ಯಾವ ಕಾಗದದ ಮೇಲೆ ಹಾಕಿಸುತ್ತೀರೋ ಆ ಕಾಗದದ ಐಸಿಸಿ ಪ್ರೊಫೈಲ್ (ಅದರ ಮೇಲೆ ಬಣ್ಣ ಹೇಗೆ ಬರುತ್ತೆ ಅಂತ ಹೇಳುವ ಫೈಲು) ತರಿಸಿಕೊಂಡು ಸಾಫ್ಟ್ ಪ್ರೂಫ್ ಮಾಡಿ, ಅಂದರೆ ಪ್ರಿಂಟ್ ಹೇಗೆ ಬರಬಹುದು ಅಂತ ಪರದೆಯ ಮೇಲೇ ನೋಡಿ. ನಾನು ಆರಿಸಿದ್ದು ಹತ್ತಿಯ ದಪ್ಪ ಮ್ಯಾಟ್ ಕಾಗದ, ಮನೆಯ ಬೆಳಕಿಗೆ ಹೊಂದುತ್ತೆ ಅಂತ. ಚಂದವೇನೋ ಹೌದು. ಆದರೆ ಮ್ಯಾಟ್ ಕಾಗದದಲ್ಲಿ ಕಪ್ಪು ಅಷ್ಟು ಗಾಢವಾಗಿ ಕೂರಲ್ಲ. ರಾತ್ರಿಯ ಮೂರು ಚಿತ್ರಗಳಿಗೆ ಹೊಳಪು ಲೇಪನದ ಬರೈಟಾ ಕಾಗದ ಹಾಕಿಸಬೇಕಾಯಿತು. ಇಡೀ ಚಿತ್ರ ಹಾಕಿಸುವ ಮೊದಲು ಅಂಗೈಯಗಲದ ಪಟ್ಟಿ ಹಾಕಿಸಿ ನೋಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಎಡಿಷನ್ ಅನ್ನೋದನ್ನು ಮೊದಲ ದಿನವೇ ತೀರ್ಮಾನಿಸಿ. ಒಂದು ಚಿತ್ರ ಒಟ್ಟು ಎಷ್ಟು ಪ್ರತಿ ಅಚ್ಚಾಗುತ್ತದೆ ಅಂತ ಮಾತು ಕೊಟ್ಟು, ಪ್ರತಿಯೊಂದಕ್ಕೂ ನಂಬರ್ ಹಾಕಿ ಸಹಿ ಮಾಡೋದು. ನಾನು ಐದು ಪ್ರತಿ, ಅದರ ಮೇಲೆ ಕಲಾವಿದೆಯ ಪ್ರತಿ ಎರಡು ಅಂತ ಇಟ್ಟೆ. ಒಮ್ಮೆ ಹೇಳಿದ ಸಂಖ್ಯೆ ಏರಿಸುವಂತಿಲ್ಲ, ಒಮ್ಮೆ ಇಟ್ಟ ಬೆಲೆ ಇಳಿಸುವಂತಿಲ್ಲ. ಇಳಿಸಿದರೆ ಮೊದಲು ಕೊಂಡವರಿಗೆ ಮೋಸ ಮಾಡಿದ ಹಾಗೆ. ಪಟ್ಟಿ ಮಾಡುತ್ತಾ ಕೂತಾಗ ನೆನಪಾಯಿತು, ಬೆಡ್‌ಶೀಟ್ ಚಿತ್ರವನ್ನು ಆಗಲೇ ಮೂರು ಜನಕ್ಕೆ ಉಡುಗೊರೆ ಕೊಟ್ಟಾಗಿದೆ. ನಂಬರಿಲ್ಲ, ಸಹಿಯಿಲ್ಲ, ಅಳತೆ ಮಾತ್ರ ಪ್ರದರ್ಶನದ್ದೇ. ಇಬ್ಬರು ವಾಪಸು ಕೊಟ್ಟರು. ಚಿಕ್ಕಮ್ಮ ಮಾತ್ರ, “ಕೊಟ್ಟಿದ್ದನ್ನ ಯಾರಾದ್ರೂ ಕೇಳ್ತಾರೇನೇ?” ಅಂತ ಫೋನಿಟ್ಟರು. ಕೊನೆಗೆ ಅವರ ಮನೆಗೇ ಹೋಗಿ, ಗೋಡೆಯಿಂದ ಇಳಿಸಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ 1/5 ಅಂತ ಬರೆದು ಸಹಿ ಹಾಕಿ ವಾಪಸು ತೂಗುಹಾಕಿ ಬಂದೆ. ಆ ಚಿತ್ರದ ಮೊದಲ ಪ್ರತಿ ಚಿಕ್ಕಮ್ಮನ ಹಾಲ್‌ನಲ್ಲಿದೆ. ಪುಕ್ಕಟೆ ಹೋದ ಆ ಒಂದು ಪ್ರತಿಯ ಲೆಕ್ಕವನ್ನು ಗ್ಯಾಲರಿಯವರಿಗೆ ಒಪ್ಪಿಸೋಕೆ ಸಾಕುಸಾಕಾಯಿತು.

ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ನುಂಗಿದ್ದು ಫ್ರೇಮು. ಪ್ರಿಂಟಿಗೆ ಕಾಲು ಭಾಗ, ಉಳಿದದ್ದು ಸಾಗಣೆ, ವಿಮೆ, ಆಹ್ವಾನ ಪತ್ರಿಕೆ. ಹೊಳೆಯದ ಮ್ಯೂಸಿಯಂ ಗಾಜು ಸಾದಾ ಗಾಜಿಗಿಂತ ಎಷ್ಟೋ ಪಟ್ಟು ದುಬಾರಿ. ರಾತ್ರಿಯ ಮೂರು ಚಿತ್ರಗಳಿಗೆ ಮಾತ್ರ ಅದನ್ನು ಹಾಕಿಸಿದೆ. ಕಪ್ಪು ಜಾಸ್ತಿ ಇರುವ ಚಿತ್ರಕ್ಕೆ ಸಾದಾ ಗಾಜು ಹಾಕಿದರೆ ನೋಡುವವರಿಗೆ ಕಾಣೋದು ಅವರ ಮುಖವೇ. ಅವಸರದಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ಅಚ್ಚಾದ ದಿನವೇ ನಾಲ್ಕು ಪ್ರಿಂಟ್ ಫ್ರೇಮಿಗೆ ಕೊಟ್ಟೆ. ಎರಡು ವಾರಕ್ಕೆ ಗಾಜಿನ ಒಳಗಡೆ ಉಸಿರು ಬಿಟ್ಟ ಹಾಗೆ ಮಂಜು. ಶಾಯಿಯ ದ್ರಾವಣ ನಿಧಾನಕ್ಕೆ ಆವಿಯಾಗುತ್ತಾ ಇರುತ್ತದೆ, ಮುಚ್ಚಿದರೆ ಹೋಗಿ ಗಾಜಿಗೆ ಕೂರುತ್ತದೆ. ಬಿಚ್ಚಿಸಿ, ಒರೆಸಿ, ಮತ್ತೆ ಹಾಕಿಸಲು ಎರಡು ಸಲದ ಕೂಲಿ. ಪ್ರಿಂಟುಗಳ ನಡುವೆ ಸಾದಾ ಕಾಗದ ಇಟ್ಟು, ಒಂದೆರಡು ದಿನ ಅದನ್ನು ಬದಲಾಯಿಸುತ್ತಾ ಇದ್ದಿದ್ದರೆ ಇದು ತಪ್ಪುತ್ತಿತ್ತು.

ಪ್ರದರ್ಶನಕ್ಕೆ ಎಂಟು ದಿನ ಇತ್ತು. 19 ಫ್ರೇಮ್ ಸಿದ್ಧ. ಆಹ್ವಾನ ಪತ್ರಿಕೆ ಅಚ್ಚಾಗಿ ಬಂದಿತ್ತು. ಅದರ ಮೇಲಿದ್ದದ್ದು ಮಗಳ ಚಿತ್ರ. ಹತ್ತು ವರ್ಷದವಳಿದ್ದಾಗ ತೆಗೆದದ್ದು. ತಲೆ ಒರೆಸಿಕೊಳ್ಳದೇ ಬಚ್ಚಲ ಬಾಗಿಲಲ್ಲಿ ನಿಂತಿದ್ದಾಳೆ, ಅಂಗಿಯ ಭುಜ ಒದ್ದೆ, ಅಳು ಈಗಷ್ಟೇ ನಿಂತಿದೆ. ಸರಣಿಯಲ್ಲೇ ಎಲ್ಲರೂ ಮೊದಲು ಕೈ ತೋರಿಸುತ್ತಿದ್ದ ಚಿತ್ರ.

ರಾತ್ರಿ ಅವಳು ಪತ್ರಿಕೆ ಹಿಡಿದುಕೊಂಡು ಬಂದಳು. “ಇದು ಬೇಡ.”

“ಯಾವುದು ಬೇಡ?”

“ಈ ಫೋಟೊ. ಪೂರ್ತಿ ಬೇಡ. ಪತ್ರಿಕೆಲೂ, ಗೋಡೆಲೂ.”

ಹಾಳೆಯಲ್ಲಿ ಕಾರಣ ಕೇಳಬಾರದು ಅಂತಿತ್ತು. ನಾನು ಕೇಳಿದೆ. ಅವಳು ಹೇಳಲಿಲ್ಲ. ಒಂದು ವರ್ಷದಿಂದ ನೋಡ್ತಾ ಇದ್ದೀಯಲ್ಲ, ಈಗ ಹೇಳ್ತೀಯಾ ಅಂತ ಕೂಗಿದೆ. ಎಷ್ಟು ಖರ್ಚಾಗಿದೆ ಗೊತ್ತಾ ಅಂದೆ. ಹೇಳಬಾರದ್ದು ಇನ್ನೂ ಒಂದೆರಡು ಹೇಳಿದೆ, ಇಲ್ಲಿ ಬರೆಯಲ್ಲ. ಅವಳು ಒಳಗೆ ಹೋಗಿ, ಇಬ್ಬರೂ ಬರೆದುಕೊಂಡಿದ್ದ ಆ ಹಾಳೆ ತಂದು ಮೇಜಿನ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಅವಳ ಸಹಿಯ ಪಕ್ಕದಲ್ಲಿ ನನ್ನ ಸಹಿ. ನನ್ನದೇ ಅಕ್ಷರ.

ಆ ರಾತ್ರಿ ನನಗೆ ಬಂದದ್ದು ಸಿಟ್ಟೇ, ಬೇರೇನಲ್ಲ. ಬೆಳಗ್ಗೆ ಗ್ಯಾಲರಿಗೆ ಫೋನ್ ಮಾಡಿದಾಗಲೂ ಸಿಟ್ಟಿತ್ತು. ಅವರಿಗೆ ನನ್ನ ಮೇಲೆ ಸಿಟ್ಟು. ಪತ್ರಿಕೆ ಹಂಚುವುದು ನಿಂತಿತು. ಹೊಸದು ಅಚ್ಚು ಹಾಕಿಸುವ ಖರ್ಚು ನನ್ನ ತಲೆಗೆ ಬಂತು. ಹೊಸ ಪತ್ರಿಕೆಗೆ ಬೆಡ್‌ಶೀಟ್ ಚಿತ್ರ. ಮಧ್ಯದ ಗೋಡೆ ಖಾಲಿಯಾದ್ದರಿಂದ ಇಡೀ ಕ್ರಮ ತಪ್ಪಿತು. ಒಂದು ಚಿತ್ರ ತೆಗೆದರೆ ಅದರ ಎಡಬಲದ ಚಿತ್ರಗಳ ಅರ್ಥವೂ ಬದಲಾಗುತ್ತದೆ. ನೆಲದ ಮೇಲೆ 18 ಚಿತ್ರ ಹರಡಿಕೊಂಡು ಎರಡು ದಿನ ಕೂತೆ. ಮಕ್ಕಳ ಚಿತ್ರ ಬಳಸುವವರಿಗೆ ಒಂದು ಮಾತು: ಅವರ ಚಿತ್ರವನ್ನು ಆಹ್ವಾನ ಪತ್ರಿಕೆಗೆ ಹಾಕಬೇಡಿ. ಹಾಕಲೇಬೇಕಿದ್ದರೆ ಇನ್ನೊಂದು ಚಿತ್ರದ ಪತ್ರಿಕೆಯನ್ನೂ ತಯಾರಿಟ್ಟುಕೊಂಡಿರಿ. ಬೇಡ ಅನ್ನೋ ಹಕ್ಕು ಕೊಟ್ಟ ಮೇಲೆ ಅದನ್ನು ಅವರು ಬಳಸಿಯೇ ಬಳಸುತ್ತಾರೆ.

ತೂಗುಹಾಕೋದು ಎರಡೇ ದಿನದಲ್ಲಿ ಮುಗಿಯಿತು. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು ಅನ್ನೋದು ವಾಡಿಕೆ. ನನ್ನ ಚಿತ್ರಗಳನ್ನು ಸ್ವಲ್ಪ ಕೆಳಗಿಳಿಸಿದೆವು, ಕೂತವರ ಕಣ್ಣಿನ ಎತ್ತರದಲ್ಲಿ ತೆಗೆದವು ಜಾಸ್ತಿ ಇದ್ದವು. ಒಳಗೆ ಬಂದ ಪ್ರತಿ ಫ್ರೇಮಿನ ಸ್ಥಿತಿಯನ್ನು ಫೋಟೊ ಸಮೇತ ಬರೆದಿಡಿ. ವಾಪಸು ಬರುವಾಗ ಮೂಲೆ ಚಚ್ಚಿದ್ದರೆ ವಿಮೆಯವರು ಮೊದಲು ಕೇಳೋದು ಅದನ್ನೇ.

ತೆರೆದ ದಿನ ಅಪ್ಪ ಅಮ್ಮ ಬಂದರು. ಅಮ್ಮ ಒಂದೊಂದೇ ಚಿತ್ರದ ಮುಂದೆ ನಿಂತು, ಮನೆ ಎಷ್ಟು ಹರಡಿಕೊಂಡಿದೆ ಅಂತ ಬೇಜಾರು ಮಾಡಿಕೊಂಡಳು. ಅಪ್ಪ ಬೆಡ್‌ಶೀಟಿನ ಮುಂದೆ ತುಂಬ ಹೊತ್ತು ನಿಂತಿದ್ದರು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಇವರೇ ಅವರು ಅಂತ ಗುರುತು ಹಿಡಿಯದೇ, ಎಷ್ಟು ಪ್ರೀತಿ ನೋಡಿ ಈ ದಂಪತಿಗೆ ಅಂದರಂತೆ. ಅಪ್ಪ, “ಹೌದೌದು,” ಅಂದು ಮುಂದೆ ಹೋದರಂತೆ.

ಲೆಕ್ಕ ಹೇಳಿಬಿಡುತ್ತೇನೆ. ನಾಲ್ಕು ಚಿತ್ರ ಮಾರಾಟವಾದವು. ಗ್ಯಾಲರಿಯ ಅರ್ಧ ಕಳೆದು ನನ್ನ ಪಾಲಿಗೆ ಬಂದದ್ದು ಫ್ರೇಮಿನ ಖರ್ಚನ್ನೂ ಪೂರ್ತಿ ತುಂಬಲಿಲ್ಲ. ಮನೆ ನಡೆಯುತ್ತಿರೋದು ವಾರಕ್ಕೆ ಮೂರು ದಿನ ಪಾಠ ಹೇಳೋದರಿಂದ, ಬೇರೆಯವರ ಮನೆಗೆ ಹೋಗಿ ಕುಟುಂಬದ ಫೋಟೊ ತೆಗೆಯೋದರಿಂದ. ನನಗೆ ಗೊತ್ತಿರುವ ಈ ದಾರಿಯವರಲ್ಲಿ ಹೆಚ್ಚಿನವರದ್ದು ಇದೇ ಕಥೆ. ಪ್ರಿಂಟ್ ಮಾರಿಯೇ ಬದುಕುತ್ತೇನೆ ಅಂತ ಇರುವ ಕೆಲಸ ಬಿಟ್ಟು ಬರಬೇಡಿ. ಆದರೆ ಪ್ರದರ್ಶನ ನೋಡಿದ ಒಬ್ಬ ಪ್ರಕಾಶಕರು ಪುಸ್ತಕದ ಮಾದರಿ ಮಾಡಿ ಕಳಿಸಿ ಅಂದಿದ್ದಾರೆ. ಅಚ್ಚಿನ ಖರ್ಚಿನಲ್ಲಿ ಒಂದು ಪಾಲು ನನ್ನದಂತೆ. ಮತ್ತೆ ಶುರು.

ಫ್ರೇಮುಗಳನ್ನು ಮಲಗಿಸಬೇಡಿ, ನಿಲ್ಲಿಸಿಡಿ, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು. ಬಚ್ಚಲಿಗೆ ಅಂಟಿದ ಗೋಡೆ ಬೇಡ, ತೇವ ಏರುತ್ತದೆ. ನನ್ನ 14ಕ್ಕೆ ಇನ್ನೂ ಜಾಗ ಸಿಕ್ಕಿಲ್ಲ. ಹತ್ತೊಂಬತ್ತನೆಯದು ಮಗಳ ರೂಮಿನಲ್ಲಿದೆ, ಗೋಡೆಗೆ ಮುಖ ಮಾಡಿ. ಹಿಂಬದಿಯ ಹಲಗೆಗೆ ಅವಳು ಏನೋ ಸ್ಟಿಕ್ಕರ್ ಅಂಟಿಸಿದ್ದಾಳೆ. ತಿರುಗಿಸಿ ನೋಡೋಕೆ ನನಗೆ ಅನುಮತಿಯಿಲ್ಲ.

ಟ್ರೈಪಾಡು ಹಾಲ್‌ನಲ್ಲೇ ಇದೆ. ನಿನ್ನೆ ಒಣಗಿದ ಬಟ್ಟೆ ಒಳಗೆ ಬಂತು. ಅಮ್ಮ ದೊಡ್ಡ ಬೆಡ್‌ಶೀಟ್ ಎತ್ತಿಕೊಂಡು, ಅಪ್ಪನನ್ನು ಹೆಸರು ಹಿಡಿಯದೇ “ಬನ್ನಿ ಇಲ್ಲಿ” ಅಂತ ಕರೆದಳು. ಆಮೇಲೆ ನನ್ನ ಕಡೆ ಒಂದು ಸಲ ನೋಡಿ, ಇಬ್ಬರೂ ಒಳರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.